ಒದ್ದೆ ಟವೆಲಿನ ಹಾಡು

ಮಾರ್ಚ್ ೨, ಭಾನುವಾರ

ಅಂತೂ ನಮ್ಮ ಆಲ್ಬಮ್ಮಿನ ದೊಡ್ಡ ಕೃತಿ ‘ನೆರಳಿನ ಜ್ಯಾಮಿತಿ’ಯ ಕೊನೆಯ ಭಾಗದ ಧ್ವನಿಮುದ್ರಣ ಇವತ್ತು ಮುಗಿಯಿತು. ಹನ್ನೊಂದು ಮಾತ್ರೆಯ ಆವರ್ತದಲ್ಲಿ ಹೊರಟು, ನಡುವೆ ಏಳಕ್ಕೆ ಇಳಿದು, ಕೇಳುಗನಿಗೆ ಸುಳಿವೇ ಸಿಗದಂತೆ ಮತ್ತೆ ಹನ್ನೊಂದಕ್ಕೆ ಏರುವ ಆ ಭಾಗವನ್ನು ನಮ್ಮ ಮೂವರಲ್ಲಿ ಒಬ್ಬರೂ ಎಡವದೆ ನುಡಿಸಿ ಮುಗಿಸಿದಾಗ, ಮಾತಿನ ಹಂಗಿಲ್ಲದ ಸಂಗೀತವೇ ಪರಿಪೂರ್ಣ ಸಂಗೀತ ಎಂಬ ನನ್ನ ಬಹುಕಾಲದ ನಂಬಿಕೆ ಮತ್ತಷ್ಟು ಗಟ್ಟಿಯಾಯಿತು. ರಾಕ್ ತಂಡಕ್ಕೆ ಹಾಡುಗಾರ ಇರಲೇಬೇಕು ಎಂದು ಹೇಳಿದವರು ಯಾರು? ಗಿಟಾರಿಗೆ ಹೇಳಲು ಬಾರದ್ದನ್ನು ಮನುಷ್ಯನ ಗಂಟಲು ಹೇಳಿಬಿಡುತ್ತದೆಯೇ? ಪದಗಳು ಬಂದೊಡನೆ ಸಂಗೀತ ಅವುಗಳಿಗೆ ಕೊಡೆ ಹಿಡಿಯುವ ಆಳಾಗುತ್ತದೆ. ನನ್ನ ಸಂಗೀತ ಯಾರಿಗೂ ಕೊಡೆ ಹಿಡಿಯುವುದಿಲ್ಲ.

ನಮ್ಮ ಡ್ರಮ್ಮಿನವನು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಅವನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲೇ ನಮ್ಮ ಅಭ್ಯಾಸ. ಕಪಾಟಿನ ತುಂಬ ಇರುವ ಪ್ಲಾಸ್ಟರಿನ ಹಲ್ಲಿನ ಅಚ್ಚುಗಳು ನಮ್ಮನ್ನು ನೋಡಿ ಹಲ್ಲು ಕಿರಿಯುತ್ತಿರುತ್ತವೆ. ಬೇಸ್ ಗಿಟಾರಿನವನು ಲಿಫ್ಟ್ ಮೆಕ್ಯಾನಿಕ್. ನಾನು ಹಗಲಿಡೀ ಗಾಜಿನ ಕೋಣೆಯಲ್ಲಿ ಕೂತು ಜನರ ಕಿವಿ ಪರೀಕ್ಷೆ ಮಾಡುವವನು. ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಹಳ ಜನಕ್ಕೆ ಏನೂ ಕೇಳಿಸುವುದಿಲ್ಲ.

ಮುಂದಿನ ಭಾನುವಾರಕ್ಕೂ ಸ್ಟುಡಿಯೊ ನಮ್ಮ ಹೆಸರಿನಲ್ಲಿದೆ. “ಸುಮ್ನೆ ಯಾಕೆ ಬಿಡೋದು, ಒಂದು ಪಂಕ್ ಹಾಡು ಮಾಡಿ ಬಿಸಾಕೋಣ. ತಮಾಷೆಗೆ,” ಎಂದ ಡಾಕ್ಟರು. ಪಂಕ್ ಎಂದರೆ ಇನ್ನೇನು, ತಂತಿಯ ಮೇಲೆ ಬೆರಳಿನ ಮೂರೇ ಮೂರು ಹಿಡಿತ, ಬೆನ್ನಿಗೆ ನಾಯಿ ಬಿದ್ದಂತೆ ಓಡುವ ಡ್ರಮ್ಮು, ಮೇಲೆ ಯಾರದೋ ಅರಚಾಟ. ಅಣಕಿಸಲು ಇದಕ್ಕಿಂತ ಸುಲಭದ್ದು ಸಿಗದು. ಒಪ್ಪಿದೆ.

ಮಾರ್ಚ್ ೬, ಗುರುವಾರ

ತಪ್ಪು ನುಡಿಸುವುದು ಇಷ್ಟು ಕಷ್ಟ ಎಂದು ತಿಳಿದಿರಲಿಲ್ಲ. ವರ್ಷಗಟ್ಟಲೆ ಬೆರಳಿಗೆ ಶಿಸ್ತು ಕಲಿಸಿ, ಈಗ ಏಕಾಏಕಿ ಪೋಲಿಯಾಗು ಎಂದರೆ ಅದು ಮಾತು ಕೇಳುವುದಿಲ್ಲ. ಮೆಕ್ಯಾನಿಕ್ ಕಣ್ಣು ಮುಚ್ಚಿ ಬಾರಿಸುತ್ತಾನೆ, ಅವನದು ತಾನಾಗಿ ಕೆಡುತ್ತದೆ. ನನ್ನದು ಎಷ್ಟು ಕೆಡಿಸಿದರೂ ಅಚ್ಚುಕಟ್ಟು. ಕೊನೆಗೆ ತಪ್ಪುಗಳನ್ನೆಲ್ಲ ಸ್ವರಲಿಪಿಯಲ್ಲಿ ಬರೆದುಕೊಂಡೆ. ಎರಡನೆಯ ಸಾಲಿನ ಕೊನೆಯಲ್ಲಿ ಅರ್ಧ ಮಾತ್ರೆ ಮುಂಚೆ ಬರುವುದು. ಆಮೇಲಿನ ಸಾಲಿನಲ್ಲಿ ಪಕ್ಕದ ತಂತಿಗೆ ಬೆರಳು ತಾಗಿಸುವುದು. ಮುಗಿಯುವ ಹೊತ್ತಿಗೆ ಒಂದು ತಂತಿಯ ಶ್ರುತಿ ಕೊಂಚ ಇಳಿಸುವುದು. ಬರೆದದ್ದನ್ನು ಬಾಯಿಪಾಠ ಮಾಡಿ ಸಾಯಂಕಾಲವೆಲ್ಲ ನುಡಿಸಿದ ಮೇಲೆ ಪ್ರತಿ ತಪ್ಪೂ ತನ್ನ ಜಾಗದಲ್ಲಿ ಕೂತಿತು.

“ಗುರುಗಳೇ, ತಪ್ಪು ಮಾಡೋಕೂ ರಿಹರ್ಸಲ್ಲಾ?” ಎಂದು ಮೆಕ್ಯಾನಿಕ್ ಕಾಲೆಳೆದ.

“ಅಣಕಿಸೋದೂ ಒಂದು ಕಲೆ ಕಣಯ್ಯ,” ಎಂದೆ.

ಮಾರ್ಚ್ ೯, ಭಾನುವಾರ

ನಗು ಇನ್ನೂ ನಿಂತಿಲ್ಲ. ವಾದ್ಯಗಳನ್ನೆಲ್ಲ ರೆಕಾರ್ಡ್ ಮಾಡಿ, ಅರಚುವ ಕೆಲಸಕ್ಕೆ ಯಾರನ್ನು ನಿಲ್ಲಿಸುವುದು ಎಂದು ಯೋಚಿಸುತ್ತಿದ್ದೆವು. ಡಾಕ್ಟರು ಪ್ರಯತ್ನಿಸಿದ, ಅವನು ಕೂಗಿದರೆ “ಬಾಯಿ ತೆಗೀರಿ” ಎಂದು ರೋಗಿಗೆ ಹೇಳಿದಂತಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಮನೆಯ ಬೀಗದ ಕೈ ಇಸಿದುಕೊಳ್ಳಲು ಬಂದಳು. ಅವಳು ಶಾಲೆಯಲ್ಲಿ ಪಿ.ಟಿ. ಟೀಚರ್. ಯಾವುದೋ ಪಂದ್ಯ ಮುಗಿಸಿ ಟ್ರ್ಯಾಕ್ ಸೂಟಿನಲ್ಲೇ ಬಂದಿದ್ದಳು, ಕೊರಳಲ್ಲಿ ಸೀಟಿ. ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಯ ಮಗುವಿನ ಶೂ ಲೇಸು ಕಟ್ಟಿಸುವ ಗಂಟಲು ಅವಳದು.

“ಇಲ್ಲಿ ನಿಂತು ಕೂಗು,” ಎಂದೆ.

“ಏನಂತ ಕೂಗ್ಲಿ?”

“ಏನಾದ್ರೂ ಕೂಗು. ಪಂಕ್‌ಗೆ ಅರ್ಥ ಬೇಕಿಲ್ಲ.”

ಅವಳು ಹೆಡ್‌ಫೋನ್ ಹಾಕಿಕೊಂಡು ಒಂದು ಸಲ ಕೇಳಿದಳು. ಆಮೇಲೆ ಮೈಕಿಗೆ ಮೂಗು ತಾಗಿಸಿ ಕೂಗಿದಳು:

ಒದ್ದೆ ಟವೆಲು ಒದ್ದೆ ಟವೆಲು
ಹಾಸಿಗೆ ಮೇಲೆ ಒದ್ದೆ ಟವೆಲು
ಯಾರು ಹಾಕಿದ್ದು
ನಾನಲ್ಲ ನಾನಲ್ಲ

ಮುಂದಿನ ಚರಣದಲ್ಲಿ ಫ್ರಿಜ್ಜಿನೊಳಗಿನ ಖಾಲಿ ಬಾಟಲಿ. ಅದರ ಮುಂದಿನದರಲ್ಲಿ ಆರಿಸದೇ ಬಿಟ್ಟ ದೀಪ. ಎಲ್ಲವೂ ನನ್ನ ಮೇಲಿನ ದೂರುಗಳೇ. ಪ್ರತಿ ಸಲ ಕೊನೆಗೆ ನನ್ನ ಧಾಟಿಯಲ್ಲೇ “ನಾನಲ್ಲ ನಾನಲ್ಲ.” ಒಂದೇ ಸಲಕ್ಕೆ ಮುಗಿಸಿ, ನನ್ನಿಂದ ಬೀಗದ ಕೈ ಇಸಿದುಕೊಂಡು, “ಸ್ನಾನ ಮಾಡ್ಬೇಕು, ಬರ್ತೀನಿ,” ಎಂದು ಹೊರಟುಹೋದಳು. ಮೆಕ್ಯಾನಿಕ್ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ನಮ್ಮ ಆಲ್ಬಮ್ಮಿನ ಗಾಂಭೀರ್ಯದ ಪಕ್ಕದಲ್ಲಿ ಇಂಥದ್ದೊಂದು ಪುಟ್ಟ ಕಿಡಿಗೇಡಿತನ ಚೆನ್ನಾಗಿಯೇ ಕಾಣುತ್ತದೆ.

ಮಾರ್ಚ್ ೧೬, ಭಾನುವಾರ

ಆಲ್ಬಮ್ ಅಂತರ್ಜಾಲಕ್ಕೆ ಬಿಟ್ಟು ವಾರವಾಗುತ್ತ ಬಂತು. ‘ನೆರಳಿನ ಜ್ಯಾಮಿತಿ’ಯನ್ನು ಪೂರ್ತಿ ಕೇಳಿದವರು ನಮ್ಮ ಬಂಧುಬಳಗದಷ್ಟೂ ಇಲ್ಲ. ಕೇಳಿದ ಒಬ್ಬ ಮಹಾಶಯ, “ಇದನ್ನು ಹಾಕಿದರೆ ನಮ್ಮ ಮಗು ಬೇಗ ಮಲಗುತ್ತದೆ, ಧನ್ಯವಾದ,” ಎಂದು ಬರೆದಿದ್ದಾನೆ.

ಡಾಕ್ಟರು ನನ್ನನ್ನು ಕೇಳದೆ ಆ ಟವೆಲಿನ ಹಾಡನ್ನೂ ಜೊತೆಗೆ ಏರಿಸಿಬಿಟ್ಟಿದ್ದ. ಅದಕ್ಕೆ ಜನ ಮುಗಿಬಿದ್ದಿದ್ದಾರೆ. ಯಾರೋ ಹುಡುಗಿಯರು ಹಾಸ್ಟೆಲಿನ ಮಹಡಿಯಲ್ಲಿ ಟವೆಲು ಬೀಸುತ್ತ ಕುಣಿದು ವಿಡಿಯೊ ಮಾಡಿದ್ದಾರೆ. ಕಿವಿ ಪರೀಕ್ಷೆಗೆ ಬಂದ ಮುದುಕಪ್ಪ ಒಬ್ಬರು, ನಾನು ಹೆಡ್‌ಫೋನ್ ತೊಡಿಸುತ್ತಿದ್ದರೆ, “ನಾನಲ್ಲ ನಾನಲ್ಲ” ಎಂದು ಗುನುಗುತ್ತಿದ್ದರು. ಬಲಗಿವಿ ಪೂರ್ತಿ ಹೋಗಿದೆ, ಆದರೂ ಅದು ಕೇಳಿಸಿದೆ.

ಹೆಂಡತಿಗೆ ಹೇಳಿದೆ. “ಅಯ್ಯೋ, ಹೌದಾ,” ಎಂದು ನಕ್ಕು ಶೂಗೆ ಪಾಲಿಶ್ ಹಚ್ಚುವುದನ್ನು ಮುಂದುವರಿಸಿದಳು. ಕನಿಷ್ಠ ಹೆಮ್ಮೆಪಟ್ಟಿದ್ದರೆ ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಬಹುದಿತ್ತು.

ಮಾರ್ಚ್ ೨೨, ಶನಿವಾರ

ಗ್ರಂಥಾಲಯದ ಸಭಾಂಗಣದಲ್ಲಿ ಕಾರ್ಯಕ್ರಮ. ಎಂದೂ ಇಲ್ಲದ ಹಾಗೆ ಕುರ್ಚಿಗಳೆಲ್ಲ ತುಂಬಿದ್ದವು. ಕೊನೆಗೂ ಕೇಳುಗರು ಹುಟ್ಟಿಕೊಂಡರು ಎಂದುಕೊಂಡು ‘ಜ್ಯಾಮಿತಿ’ಯನ್ನು ಪ್ರಾಣ ಒತ್ತೆಯಿಟ್ಟವನಂತೆ ನುಡಿಸಿದೆ. ಏಳರಿಂದ ಹನ್ನೊಂದಕ್ಕೆ ಏರುವ ಜಾಗದಲ್ಲಿ ಕಣ್ಣು ಬಿಟ್ಟು ನೋಡಿದರೆ, ಮುಂದಿನ ಸಾಲಿನ ಹುಡುಗನ ತೊಡೆಯ ಮೇಲೆ ಟವೆಲು. ಅವನ ಪಕ್ಕದವಳ ಹೆಗಲ ಮೇಲೂ ಟವೆಲು. ಸ್ನಾನದ ಮನೆಯ ಮುಂದಿನ ಸರದಿಯಂತೆ ಅವರೆಲ್ಲ ನಾನು ಯಾವಾಗ ಹೊರಗೆ ಬರುತ್ತೇನೆ ಎಂದು ಕಾಯುತ್ತಿದ್ದರು.

ಕೊನೆಗೆ ನನ್ನ ಹೆಂಡತಿಯನ್ನು ಕರೆದೆವು. ಕೈಚೀಲವನ್ನು ನನ್ನ ಆಂಪ್ಲಿಫೈಯರಿನ ಮೇಲಿಟ್ಟು ಮೈಕು ಹಿಡಿದಳು. ಮುಂದೆ ನಡೆದದ್ದನ್ನು ಬರೆಯಲು ಮನಸ್ಸಿಲ್ಲ. ಹಾಡು ಎರಡು ನಿಮಿಷವೂ ಇಲ್ಲ. ಅಷ್ಟರಲ್ಲಿ ಜನ ಕುರ್ಚಿ ಬಿಟ್ಟು ಎದ್ದಿದ್ದರು. ನನ್ನ ಸಂಗೀತಕ್ಕೆ ಇಲ್ಲಿಯವರೆಗೆ ಎದ್ದವರೆಲ್ಲ ಮನೆಗೆ ಹೋಗಲು ಎದ್ದವರು.

ಆಮೇಲೆ ತಲೆಯ ಒಂದು ಪಕ್ಕ ಪೂರ್ತಿ ಬೋಳಿಸಿಕೊಂಡ ಹುಡುಗಿಯೊಬ್ಬಳು ಬಂದಳು. ನಿಜವಾದ ಪಂಕ್ ತಂಡಗಳನ್ನು ಕರೆಸಿ ಕಾರ್ಯಕ್ರಮ ಮಾಡುವವಳಂತೆ. ಇಲ್ಲಿ ಅವಳನ್ನು ಅರ್ಧತಲೆ ಎಂದೇ ಬರೆಯುತ್ತೇನೆ. ಹೆಂಡತಿಯ ಎರಡೂ ಕೈ ಹಿಡಿದುಕೊಂಡು, “ಅಕ್ಕಾ, ಇಷ್ಟು ದಿನ ಎಲ್ಲಿದ್ರಿ?” ಎಂದಳು. ನನ್ನ ಕಡೆ ತಿರುಗಿ, “ಸರ್, ನೀವು ಬೇಜಾರು ಮಾಡ್ಕೋಬಾರ್ದು. ರೆಕಾರ್ಡಿಂಗ್‌ನಲ್ಲಿ ಎಲ್ಲಿ ತಪ್ಪಿದ್ರೋ ಇವತ್ತೂ ಅಲ್ಲೇ ತಪ್ಪಿದ್ರಿ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನಮ್ಮಲ್ಲಿ ಯಾರಿಗೂ ಅಷ್ಟು ಸರಿಯಾಗಿ ತಪ್ಪು ಮಾಡೋಕೆ ಬರಲ್ಲ,” ಎಂದಳು. ಹೊಗಳಿದಳೋ ಉಗಿದಳೋ ತಿಳಿಯಲಿಲ್ಲ.

ಹೊಟ್ಟೆಕಿಚ್ಚು ಅಂತ ಯಾರಾದರೂ ಅಂದುಕೊಂಡರೆ ಅದು ತಪ್ಪು. ನನಗೆ ಸಂಗೀತದ ಭವಿಷ್ಯದ ಚಿಂತೆ.

ಮಾರ್ಚ್ ೩೦, ಭಾನುವಾರ

ಅಭ್ಯಾಸಕ್ಕೆ ಹೋದರೆ ಕ್ಲಿನಿಕ್ಕಿನ ಹಿಂದಿನ ಕೋಣೆಯಿಂದ ಡ್ರಮ್ಮು ಆಗಲೇ ಕೇಳುತ್ತಿತ್ತು. ನನ್ನ ಹೆಂಡತಿ ಒಳಗಿದ್ದಳು. ಮೂವರೂ ಸೇರಿ ಹೊಸ ಹಾಡು ಮಾಡಿದ್ದಾರೆ, ಶಾಲೆಯ ಸ್ಟಾಫ್ ರೂಮಿನ ಒಂದೇ ಒಂದು ಫ್ಯಾನಿನ ಬಗ್ಗೆ. ನಾನಿಲ್ಲದೆ.

“ನೀನು ಬರೋದು ತಡ ಆಯ್ತು, ಅದಕ್ಕೇ ಸುಮ್ನೆ ಶುರು ಮಾಡಿದ್ವಿ,” ಎಂದ ಡಾಕ್ಟರು. ಅವನ ಮುಖ ಬೆಳಗುತ್ತಿತ್ತು. ಹನ್ನೊಂದು ಮಾತ್ರೆ ಎಣಿಸುವಾಗ ಆ ಮುಖ ಹಲ್ಲುನೋವಿನವನ ಮುಖದಂತಿರುತ್ತದೆ.

“ಜ್ಯಾಮಿತಿ ತಗೊಳ್ಳೋಣ,” ಎಂದೆ.

ಮೆಕ್ಯಾನಿಕ್ ಬೇಸಿನ ತಂತಿ ಒರೆಸುತ್ತ, “ಗುರುಗಳೇ, ಇವತ್ತೊಂದಿನ ಅತ್ತಿಗೆದೇ ಆಗ್ಲಿ,” ಎಂದ.

ನುಡಿಸಿದೆ. ಮೂರು ಹಿಡಿತ, ಮೂರೇ. ಎಂಟು ವರ್ಷದಿಂದ ನಾನು ಕಟ್ಟಿದ ತಂಡ. ಇನ್ನು ಕೆಲವು ವಾರದಲ್ಲಿ ಇದು ಅವಳ ತಂಡವಾಗುತ್ತದೆ. ಆಮೇಲೆ ನನ್ನ ಸಂಗೀತವನ್ನು ನಾನು ಯಾರ ಜೊತೆ ನುಡಿಸಲಿ? ಕಿವಿ ಪರೀಕ್ಷೆಯ ಯಂತ್ರದ ಜೊತೆಯೇ?

ಏಪ್ರಿಲ್ ೫, ಶನಿವಾರ

ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಅವಳ ಫೋನು ಬಡಿದುಕೊಂಡಿತು. ಎತ್ತಿದೆ. ಅರ್ಧತಲೆ. ತಿಂಗಳ ಕೊನೆಗೆ ದೊಡ್ಡ ಕಾರ್ಯಕ್ರಮವಂತೆ, ಖಾಲಿ ಬಿದ್ದ ಪೀಠೋಪಕರಣದ ಗೋದಾಮಿನಲ್ಲಿ. ಅಕ್ಕನೇ ಕೊನೆಯಲ್ಲಿ ಹಾಡಬೇಕಂತೆ.

“ಅವಳಿಗೆ ಗಂಟಲು ಹೋಗಿದೆ,” ಎಂದೆ. “ಧ್ವನಿತಂತು ಊದ್ಕೊಂಡಿದೆ. ಕೆಲವು ತಿಂಗಳು ಕೂಗಬಾರದು ಅಂದಿದ್ದಾರೆ ಗಂಟಲಿನ ಡಾಕ್ಟರು.” ಕಿವಿ ಮೂಗು ಗಂಟಲಿನ ಶಬ್ದಗಳೆಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತವೆ, ನೀರು ಕುಡಿದಂತೆ ಬಂದವು.

ಆ ಹುಡುಗಿಗೆ ಅಳುವೇ ಬಂತು. “ಪಾಪ, ಅಕ್ಕನ್ನ ಚೆನ್ನಾಗಿ ನೋಡ್ಕೊಳ್ಳಿ ಸರ್,” ಎಂದಳು.

ಕರೆ ಬಂದದ್ದನ್ನು ಫೋನಿನಿಂದ ಅಳಿಸಿದೆ. ಅವಳು ತಲೆ ಒರೆಸಿಕೊಳ್ಳುತ್ತ ಬಂದು, “ಯಾರಾದ್ರೂ ಫೋನ್ ಮಾಡಿದ್ರಾ?” ಎಂದಳು.

“ಇಲ್ಲ,” ಎಂದೆ.

ಏಪ್ರಿಲ್ ೯, ಬುಧವಾರ

ಸಿಕ್ಕಿಬಿದ್ದೆ.

ಅರ್ಧತಲೆ ಇವತ್ತು ಫ್ಲಾಸ್ಕಿನಲ್ಲಿ ಬಿಸಿನೀರು, ಗಂಟಲಿನ ಮಾತ್ರೆ ಎಲ್ಲ ತೆಗೆದುಕೊಂಡು ಅಕ್ಕನನ್ನು ನೋಡಲು ನೇರವಾಗಿ ಶಾಲೆಗೆ ಹೋಗಿದ್ದಾಳೆ. ಗೇಟಿನ ಹೊರಗೇ ಅಕ್ಕನ ಗಂಟಲು ಕೇಳಿಸಿದೆ. ನಾಲ್ಕು ತರಗತಿಯ ಮಕ್ಕಳನ್ನು ಒಟ್ಟಿಗೆ ಓಡಿಸುತ್ತಿದ್ದಳಂತೆ.

ಮನೆಗೆ ಬಂದರೆ ಆ ಫ್ಲಾಸ್ಕು ಊಟದ ಮೇಜಿನ ನಡುವೆ ಇತ್ತು. ಹೆಂಡತಿ ಎದುರು ಕೂತಿದ್ದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಒಂದು ಮಾತೂ ಆಡಲಿಲ್ಲ. ಎದ್ದು ಹೋಗಿ ಮಲಗಿದಳು.

ಏಪ್ರಿಲ್ ೧೨, ಶನಿವಾರ

ಈಗಲೂ ಮಾತಿಲ್ಲ. ಸೀಟಿ ಇದೆ. ಊಟಕ್ಕೆ ಒಂದು ಸಲ ಊದುತ್ತಾಳೆ. ನಾನು ದಾರಿಗೆ ಅಡ್ಡ ನಿಂತರೆ ಸೀಟಿ ಊದಿ ಕೈಯಲ್ಲೇ ಬಲಕ್ಕೆ ಸರಿ ಎನ್ನುತ್ತಾಳೆ. ಸರಿಯುತ್ತೇನೆ.

“ಏನಾದ್ರೂ ಹೇಳೇ,” ಎಂದೆ.

ಕಾಗದದ ಚೂರಿನ ಮೇಲೆ ಬರೆದು ತೋರಿಸಿದಳು: ಧ್ವನಿತಂತು ಊದಿದೆ.

ಡಾಕ್ಟರಿಗೆ ಫೋನ್ ಮಾಡಿದೆ, ನನ್ನ ಪರವಾಗಿ ಎರಡು ಮಾತಾಡಲಿ ಎಂದು. “ನೀನು ಮಾಡಿದ್ದು ಹೊಲಸು ಕೆಲಸ ಗುರುವೇ. ಬಾಯಿ ಬಿಟ್ಟು ನೀನೇ ಹೇಳು, ನಾನು ಹಲ್ಲಿನ ಡಾಕ್ಟರು, ಒಳಗಡೆದ್ದು ನಂಗೆ ಬರಲ್ಲ,” ಎಂದ.

ಏನಂತ ಹೇಳಲಿ? ಮಧ್ಯಾಹ್ನ ಗಿಟಾರು ತೆಗೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತು ಬಹಳ ಮೆತ್ತಗಿನ, ಕ್ಷಮೆ ಕೇಳುವಂಥ ಒಂದು ರಾಗ ನುಡಿಸಿದೆ. ಅವಳು ಮಿಕ್ಸರ್ ಹಾಕಿದಳು.

ಏಪ್ರಿಲ್ ೧೫, ಮಂಗಳವಾರ

ಊಟದ ಬಿಡುವಿನಲ್ಲಿ ಶಾಲೆಗೆ ಹೋದೆ. ಮೈದಾನಕ್ಕೆ ತಂತಿ ಬೇಲಿ. ಅವಳು ಆಚೆ ತುದಿಯಲ್ಲಿ, ಮಕ್ಕಳು ನಡುವೆ.

“ನಿನ್ನ ಹತ್ರ ಮಾತಾಡ್ಬೇಕು,” ಎಂದೆ. ಅವಳು ಕಿವಿಗೆ ಕೈ ಹಿಡಿದು ಕೇಳಿಸುತ್ತಿಲ್ಲ ಎಂದಳು. ಹತ್ತಿರ ಬರಲಿಲ್ಲ.

“ತಪ್ಪಾಯ್ತು,” ಎಂದೆ. ಮತ್ತೆ ಕಿವಿಗೆ ಕೈ.

ಅವಳಿಗೆ ಎಷ್ಟು ಕೇಳಿಸುತ್ತದೆ ಎಂದು ನನಗೆ ಗೊತ್ತು. ನಾನೇ ಪರೀಕ್ಷೆ ಮಾಡಿದ್ದೇನೆ. ಮೈದಾನದಾಚೆ ಚಾಕೊಲೇಟ್ ಕಾಗದ ಬಿಚ್ಚಿದರೂ ಕೇಳುತ್ತದೆ. ಸಿಟ್ಟು ಬಂತು. ಬೇಲಿ ಹಿಡಿದುಕೊಂಡು ಕೂಗಿದೆ.

“ಹೊಟ್ಟೆ ಉರೀತು ಕಣೇ. ನಿನ್ನ ನೋಡಿ ಹೊಟ್ಟೆ ಉರೀತು. ಅದಕ್ಕೇ ಸುಳ್ಳು ಹೇಳ್ದೆ. ಈಗ್ಲೂ ಉರೀತಿದೆ.”

ಓಡುತ್ತಿದ್ದ ಮಕ್ಕಳು ನಿಂತರು. ನನ್ನ ಧ್ವನಿ ನಡುವೆ ಒಡೆದು ಎರಡಾಗಿತ್ತು. ಮುಂದೆ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ತಿರುಗಿ, “ಮಿಸ್, ಈ ಅಂಕಲ್‌ಗೆ ಹೊಟ್ಟೆ ನೋವಂತೆ,” ಎಂದು ದಾಟಿಸಿದಳು.

ಹೆಂಡತಿ ಬೇಲಿಯ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು.

“ಹಾಡೋಕೆ ಬಿಡ್ಲಿಲ್ಲ ಅಂತ ನಂಗೆ ಬೇಜಾರಿಲ್ಲ. ನಿನ್ನ ಕಛೇರಿಗೆ ನಾನು ಎಷ್ಟು ವರ್ಷದಿಂದ ಬಂದು ಕೂತಿದೀನಿ. ಒಂದೂ ಅರ್ಥ ಆಗ್ದೆ ಕೂತಿದೀನಿ. ನಂದೊಂದಕ್ಕೆ ನೀನು ಕೂರೋಕಾಗ್ಲಿಲ್ವಾ?”

“ಆಗ್ಲಿಲ್ಲ,” ಎಂದೆ. ನಿಜ ಅದೇ.

“ಅವಳಿಗೆ ಫೋನ್ ಮಾಡಿ ಈಗ ಹೇಳಿದ್ಯಲ್ಲ, ಹಾಗೇ ಹೇಳು,” ಎಂದಳು. ಅಲ್ಲೇ ನಿಂತು ಅರ್ಧತಲೆಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಸರ್, ಇದನ್ನ ಹಾಡು ಮಾಡಿ,” ಎಂದಳು.

ಏಪ್ರಿಲ್ ೧೯, ಶನಿವಾರ

ಹಾಡು ಮಾಡಿದ್ದಾರೆ. ಹಾಡಬೇಕಾದವನು ನಾನಂತೆ. ಅದು ಶಿಕ್ಷೆ. ನಾನು ನಾಲ್ಕನೆಯ ಹಿಡಿತ ಒಂದನ್ನು ಸೇರಿಸಲು ಹೋದೆ. ಹೆಂಡತಿ ಸೀಟಿ ಊದಿದಳು. ತೆಗೆದೆ.

ಹಾಡುತ್ತ ನುಡಿಸಿದರೆ ಎಲ್ಲಿ ತಪ್ಪಬೇಕು ಎನ್ನುವುದು ನೆನಪಿರುವುದಿಲ್ಲ. ಎಲ್ಲೆಲ್ಲೋ ತಪ್ಪುತ್ತದೆ. ಡಾಕ್ಟರು ಏನೂ ಹೇಳಲಿಲ್ಲ. ಹೇಳಬೇಕಿತ್ತು.

‘ಜ್ಯಾಮಿತಿ’ ಈ ವಾರ ತೆಗೆಯಲಿಲ್ಲ. ಮುಂದಿನ ವಾರ.

ಏಪ್ರಿಲ್ ೨೭, ಭಾನುವಾರ

ಗೋದಾಮಿನಲ್ಲಿ ಮಧ್ಯಾಹ್ನವೇ ಶುರು. ತಗಡಿನ ಛಾವಣಿ, ಸೆಖೆ, ಮರದ ಪುಡಿಯ ವಾಸನೆ. ಮೂಲೆಯಲ್ಲಿ ಕಾಲಿಲ್ಲದ ಸೋಫಾಗಳು. ಇಂಥ ಜಾಗದಲ್ಲಿ ಸಂಗೀತ ಕೇಳಿಸುವುದೇ ಇಲ್ಲ, ಬರೀ ಸದ್ದು.

ಅವಳು ಹಾಡಿದಳು. ಟವೆಲು, ಫ್ಯಾನು, ಎಲ್ಲ. ನಾನು ಪಕ್ಕದಲ್ಲಿ ನಿಂತು ನುಡಿಸಿದೆ. ಅವಳನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಕತ್ತಿನ ನರ ಉಬ್ಬಿತ್ತು. ಚೆನ್ನಾಗಿದ್ದಳು. ಉರಿಯಿತು. ಎರಡೂ ಒಟ್ಟಿಗೆ.

ಆಮೇಲೆ ಅವಳು ಮೈಕನ್ನು ನನ್ನ ಮುಂದೆ ಇಟ್ಟಳು. “ಇವರು ನಮ್ಮನೆಯವರು. ಇವರದೊಂದು ದೂರಿದೆ,” ಎಂದಳು. ಜನ ನಕ್ಕರು. ಕಣ್ಣು ಮುಚ್ಚಿ ಕೂಗಿದೆ:

ಹೊಟ್ಟೆ ಉರಿ ಹೊಟ್ಟೆ ಉರಿ
ಹೆಂಡ್ತಿ ಕಂಡ್ರೆ ಹೊಟ್ಟೆ ಉರಿ
ಯಾರಿಗೆ
ನನಗೆ ನನಗೆ

ಎರಡನೆಯ ಸಲ “ಯಾರಿಗೆ” ಎಂದಾಗ ಗೋದಾಮು ಪೂರ್ತಿ “ನನಗೂ ನನಗೂ” ಎಂದಿತು. ಕಣ್ಣು ಬಿಟ್ಟೆ. ಒಬ್ಬ ದಡಿಯ ತನ್ನ ಗೆಳೆಯನ ಕಡೆ ಬೆರಳು ತೋರಿಸಿ ಕೂಗುತ್ತಿದ್ದ. ಇಬ್ಬರು ಅಕ್ಕತಂಗಿಯರಿರಬೇಕು, ಒಬ್ಬರ ಮುಖಕ್ಕೆ ಒಬ್ಬರು ಕೂಗಿ ಅಳುತ್ತಲೋ ನಗುತ್ತಲೋ ಇದ್ದರು. ಮೆಕ್ಯಾನಿಕ್ ನನ್ನ ಕಡೆ ತಿರುಗಿ “ನನಗೂ ಗುರುಗಳೇ” ಎಂದ. ಅವನಿಗೆ ಯಾರ ಮೇಲೋ, ಕೇಳಬೇಕು. ಯಾರೂ ಶ್ರುತಿಯಲ್ಲಿರಲಿಲ್ಲ.

ಇನ್ನೊಂದು ಸಲ ಎಂದರು. ಹಾಡಿದೆ. ಮತ್ತೂ ಒಂದು ಸಲ ಎಂದರು. ಹಾಡಿದೆ.

ಇದನ್ನು ಸಂಗೀತ ಎಂದು ನಾನು ಒಪ್ಪುವುದಿಲ್ಲ.

ಸಾಮಾನೆಲ್ಲ ಮೆಕ್ಯಾನಿಕ್‌ನ ವ್ಯಾನಿನಲ್ಲಿ ಹೋಯಿತು. ನಾವಿಬ್ಬರೂ ಸ್ಕೂಟರಿನಲ್ಲಿ ಹೊರಟೆವು. ಇನ್ನೂ ಬಿಸಿಲಿತ್ತು. ಅವಳು ಹಿಂದೆ ಕೂತಿದ್ದಳು. ಸಿಗ್ನಲ್ ಬಿತ್ತು.

“ನಿನ್ನ ಹಾಡನ್ನ ಎಷ್ಟು ಸಲ ಹಾಡಿಸಿದ್ರು,” ಎಂದಳು.

“ಹೂಂ.”

“ನಂದು ಒಂದೇ ಸಲ.”

“ಹೂಂ.”

“ಆ ಕೊನೆ ಸಾಲು ನಾನು ಬರೆದಿದ್ದು. ಅದನ್ನ ಅಲ್ಲಿ ಹೇಳಬಹುದಿತ್ತು ನೀನು. ಧ್ವನಿ ಏನೂ ಅಂಥಾ ಚೆನ್ನಾಗಿಲ್ಲ ನಿಂದು. ಜನ ಸುಮ್ನೆ ಕುಣೀತಾರೆ.”

ಆ ದನಿ ನನಗೆ ಗೊತ್ತು. ಒಂದೂವರೆ ತಿಂಗಳಿಂದ ಅದರ ಜೊತೆಯಲ್ಲೇ ಊಟ ಮಾಡಿದ್ದೇನೆ, ಮಲಗಿದ್ದೇನೆ. ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಬೇರೆ ಕಡೆ ತಿರುಗಿದಳು. ಸಮಾಧಾನದ ಮಾತು ಬಾಯಿಗೆ ಬಂತು, ಜನ ನಿನ್ನನ್ನು ನೋಡಲೇ ಬಂದಿದ್ದರು, ಇತ್ಯಾದಿ. ಹೇಳಲಿಲ್ಲ.

“ಜನಕ್ಕೆ ನಂದೇ ಹೆಚ್ಚು ಹಿಡಿಸ್ತು,” ಎಂದೆ.

“ಗೊತ್ತು,” ಎಂದು ಸೊಂಟ ಚಿವುಟಿದಳು. ಚರ್ಮ ಕಿತ್ತು ಬರುವ ಹಾಗೆ. ಆಮೇಲೆ ಬೆನ್ನಿಗೆ ಹಣೆ ಒತ್ತಿ ಕೂತಳು, ಮನೆ ಬರುವವರೆಗೂ.

ಈಗ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡಿದ್ದಾಳೆ. ಡಬ್ಬಿಯ ಮೇಲೆ ತಾಳ ಹಾಕುತ್ತ ಏನೋ ಹೊಸದು ಕಟ್ಟುತ್ತಿದ್ದಾಳೆ. ನನ್ನ ಮೇಲೆಯೇ ಇರಬೇಕು. ಇರಲಿ. ನನ್ನದಕ್ಕಿಂತ ಚೆನ್ನಾಗಿರಬಾರದು, ಅಷ್ಟೆ.